ಪಕ್ಕದ ಮನೆ ಇಂಗ್ಲಿಷ್ ಟೀಚರ್

ಇಲ್ಲಿ ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ ನಮ್ಮ ಪಕ್ಕದ ಮನೆಯವನು ದಕ್ಷಿಣ ಆಫ್ರಿಕಾದ ಹುಡುಗ. ಹಾಗ್ವೊನ್‌ನಲ್ಲಿ, ಅಂದ್ರೆ ಟ್ಯೂಷನ್ ಸೆಂಟರಿನಲ್ಲಿ, ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾನೆ. ಮೊನ್ನೆ ಟೆಸ್ಟ್ ಪೇಪರ್ ತಿದ್ದುವಾಗ, ಹೆಸರು ಬರೆಯದೆ ಕೊಟ್ಟಿದ್ದ ಮಕ್ಕಳ ಹೆಸರನ್ನು ಅದೇ ಕೆಂಪು ಪೆನ್ನಿನಲ್ಲಿ ತಾನೇ ಬರೆದನಂತೆ. ಕ್ಲಾಸ್ ಪೂರ್ತಿ ಕಿರುಚಾಟ! ಒಬ್ಬ ಹುಡುಗಿ ಅಳೋಕೇ ಶುರು ಮಾಡಿದಳಂತೆ. ಕೆಂಪು ಶಾಯಿಯ ಹೆಸರು ಸತ್ತವರಿಗೆ ಮಾತ್ರ ಅನ್ನೋದು ಇಲ್ಲಿಯ ನಂಬಿಕೆ. ಪಾಪ, ಅವನಿಗೆ ಯಾರು ಹೇಳಬೇಕಿತ್ತು?

ಕಸದ ಕಥೆ ಇನ್ನೂ ಮಜಾ. ಫ್ರೈಡ್ ಚಿಕನ್ ತಿಂದು ಮೂಳೆಗಳನ್ನು ಮುಸುರೆ ಡಬ್ಬಿಗೆ ಸುರಿದ. ವಾಚ್‌ಮನ್ ಅಜೊಸಿ (ಅಂದ್ರೆ ಅಂಕಲ್) ಓಡಿ ಬಂದು, ಒಂದು ಮೂಳೆ ಎತ್ತಿ ಹಿಡಿದು, ಕಚ್ಚಿದ ಹಾಗೆ ಮಾಡಿ ತಲೆ ಅಲ್ಲಾಡಿಸಿದರು. ಮುಸುರೆಯಿಂದ ಇಲ್ಲಿ ಪಶು ಆಹಾರ, ಗೊಬ್ಬರ ಮಾಡುತ್ತಾರೆ. ಹಾಗಾಗಿ ಮೂಳೆ, ಮೊಟ್ಟೆ ಸಿಪ್ಪೆ ಎಲ್ಲ ಮಾಮೂಲಿ ಕಸದ ಚೀಲಕ್ಕೆ, ಆ ಚೀಲವನ್ನೂ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರಬೇಕು, 1995ರಿಂದ ಹೀಗೇ. (ನಮ್ಮಮ್ಮ ಬಂದಿದ್ದಾಗ ಇದನ್ನ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು, ಅದು ಬೇರೆ ಮಾತು.)

ನವೆಂಬರ್‌ನ ಸುನುಂಗ್, ಅಂದ್ರೆ ಕಾಲೇಜು ಪ್ರವೇಶ ಪರೀಕ್ಷೆ ದಿನ ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಾಗ ಸುಮಾರು 35 ನಿಮಿಷ ಇಡೀ ದೇಶದಲ್ಲಿ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಭಾಷೆಗೆ ಅಷ್ಟು ಮರ್ಯಾದೆ, ಕಲಿಸುವವನಿಗೆ ಕಸದ ಡಬ್ಬಿ ಮುಂದೆ ಪಾಠ! ವೀಸಾ ಬೇರೆ ಕೆಲಸ ಕೊಟ್ಟವರಿಗೇ ಅಂಟಿಕೊಂಡಿರುತ್ತೆ, ಬೇಜಾರಾಯ್ತು ಅಂತ ಸುಮ್ನೆ ಎದ್ದು ಬೇರೆ ಕಡೆ ಸೇರೋಕಾಗಲ್ಲ. ಅವನೋ, ನಗುನಗುತ್ತಾ ಮುಂದಿನ ವರ್ಷಕ್ಕೂ ಸಹಿ ಹಾಕಿ ಬಂದಿದ್ದಾನೆ.