ಕಾರಿನೊಳಗೆ ನೀರು: ಒದ್ದೆಯಾಗುವ ಜಾಗ, ಸೋರುವ ಜಾಗ

ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಓಡಾಡುವ ಕಾರುಗಳ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆಯನ್ನು ನಮ್ಮ ಕಡೆಯವರು ಸಹಜವೆಂದೇ ಒಪ್ಪಿಕೊಂಡಿದ್ದಾರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಕಾರಿನೊಳಗೆ ತುಸು ತೇವ ಇರದೆ ಇನ್ನೇನು ಎನ್ನುವುದು ಅವರ ವಾದ. ನನಗೆ ಇದು ಒಪ್ಪಿತವಲ್ಲ. ಒದ್ದೆ ಕೊಡೆಯಿಂದಲೂ ಚಪ್ಪಲಿಯಿಂದಲೂ ಬಂದ ನೀರು ಮ್ಯಾಟಿನ ಮೇಲೆಯೇ ನಿಂತು, ಹೊಳವಾದ ದಿನ ಆರಿಹೋಗುತ್ತದೆ. ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿದಾಗ ನೀರು ಒಸರಿದರೆ ಅದು ಸೋರಿಕೆಯೇ, ಮತ್ತು ಅದಕ್ಕೆ ಎಲ್ಲೋ ಒಂದು ನಿಶ್ಚಿತ ದಾರಿ ಇದ್ದೇ ಇರುತ್ತದೆ.

ನಮ್ಮ ಹಳೆಯ ಕಾರಿನಲ್ಲಿ ಮುಂದಿನ ಎಡ ಸೀಟಿನ ಕಾಲಡಿ ಹೀಗೆ ನೀರು ಕಾಣಿಸಿಕೊಂಡಾಗ ಮೆಕ್ಯಾನಿಕ್ ನೋಡಿದ ಮಾತ್ರಕ್ಕೆ ತೀರ್ಪು ಕೊಟ್ಟರು: "ಮುಂದಿನ ಗ್ಲಾಸೇ ಸಾರ್, ಸುತ್ತ ಸಿಲಿಕಾನ್ ಹೊಡೆದುಬಿಡ್ತೀನಿ." ನಾನು ಬೇಡವೆಂದೆ. ದಾರಿ ಗೊತ್ತಾಗುವ ಮೊದಲೇ ಸಿಲಿಕಾನ್ ಮೆತ್ತಿದರೆ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಅದಲ್ಲದೆ ಮುಂಗಾಜನ್ನು ಕೂರಿಸುವ ಪಾಲಿಯುರಿಥೇನ್ ಅಂಟು ಸಿಲಿಕಾನ್ ಜಿಡ್ಡು ತಾಗಿದ ಮೇಲ್ಮೈಗೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ನಾಳೆ ನಿಜವಾಗಿಯೂ ಗಾಜು ತೆಗೆದು ಕೂರಿಸಬೇಕಾಗಿ ಬಂದರೆ ಕೆಲಸ ಇನ್ನಷ್ಟು ಕೆಡುತ್ತದೆ.

ಎಲ್ಲಿ ಒದ್ದೆಯಾಗಿದೆ ಎಂಬುದಕ್ಕಿಂತ ಯಾವಾಗ ಒದ್ದೆಯಾಗುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮಳೆಯೇ ಇಲ್ಲದ ದಿನ, ಎಸಿ ಹಾಕಿ ಓಡಿಸಿದ ಮೇಲೆ ಮಾತ್ರ ತಿಳಿನೀರು ಕಂಡರೆ, ಎಸಿಯಲ್ಲಿ ತಣಿದು ಇಳಿಯುವ ನೀರನ್ನು ಹೊರಹಾಕುವ ಸಣ್ಣ ಕೊಳವೆ ಕಟ್ಟಿಕೊಂಡಿದೆ ಎಂದರ್ಥ. ಸೆಕೆಯ ದಿನ ಎಸಿ ನಡೆಯುತ್ತಿರುವಾಗ ಕಾರಿನ ಕೆಳಗೆ ಹನಿ ಬೀಳದಿದ್ದರೆ ಈ ಸಂಶಯ ಬಲವಾಗುತ್ತದೆ. ನೀರು ಬಣ್ಣದ್ದಾಗಿದ್ದು, ಬೆರಳಿಗೆ ಜಿಡ್ಡಾಗಿ, ವಾಸನೆ ಸಿಹಿಯಾಗಿದ್ದರೆ ಅದು ನೀರಲ್ಲ, ಹೀಟರಿನಿಂದ ಸೋರಿದ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಅದು ವಿಷ, ಆದ್ದರಿಂದ ಮಕ್ಕಳನ್ನೂ ನಾಯಿಯನ್ನೂ ದೂರವಿಟ್ಟು ಕೂಡಲೇ ಗ್ಯಾರೇಜಿಗೆ ಒಯ್ಯಬೇಕು. ನಮ್ಮ ಕಾರಿನದು ಇವೆರಡೂ ಆಗಿರಲಿಲ್ಲ. ನಿಂತಲ್ಲೇ ಮಳೆಯಲ್ಲಿ ನೆನೆದರೂ ಸಾಕು, ಒಳಗೆ ನೀರು ಸೇರುತ್ತಿತ್ತು.

ನೀರಿನ ಸ್ವಭಾವವೇ ಮೋಸದ್ದು. ಒಂದು ಕಡೆ ಒಳನುಗ್ಗಿ, ವೈರುಗಳ ಕಟ್ಟಿನ ಗುಂಟ ಹರಿದು, ಕಾರ್ಪೆಟ್ಟಿನ ಕೆಳಗಿನ ದಪ್ಪ ಫೆಲ್ಟಿನಲ್ಲಿ ಇಂಗಿ, ಕೊನೆಗೆ ತಗ್ಗು ಎಲ್ಲಿದೆಯೋ ಅಲ್ಲಿ ನಿಲ್ಲುತ್ತದೆ. ನಮ್ಮ ಅಂಗಳ ಇಳಿಜಾರಾದ್ದರಿಂದ, ಕಾರು ಮೂತಿ ಕೆಳಗೆ ಮಾಡಿ ನಿಲ್ಲುವಾಗ ಹಿಂದಿನಿಂದ ಬಂದ ನೀರೂ ಮುಂದೆಯೇ ಸೇರಬಹುದಿತ್ತು. ಹಾಗಾಗಿ ಮೊದಲು ಕಾರನ್ನು ಸಮತಟ್ಟಾದ ಜಾಗಕ್ಕೆ ತಂದು, ಕಾರ್ಪೆಟ್ ಎತ್ತಿ, ತಗಡನ್ನು ಒರೆಸಿ ಒಣಗಿಸಿ, ಡ್ಯಾಶ್‌ಬೋರ್ಡಿನ ಅಡಿಗೂ ಬಾಗಿಲ ಹೊಸ್ತಿಲ ಉದ್ದಕ್ಕೂ ಹಳೆಯ ಪತ್ರಿಕೆಯ ಹಾಳೆಗಳನ್ನು ಹಾಸಿದೆ. ಮರುದಿನದ ಮಳೆಗೆ ಡ್ಯಾಶ್‌ಬೋರ್ಡಿನ ಕೆಳಗಿನ ಹಾಳೆ ಗರಿಗರಿಯಾಗಿಯೇ ಇತ್ತು, ಹೊಸ್ತಿಲ ಪಕ್ಕದ್ದು ಮುದ್ದೆಯಾಗಿತ್ತು. ಗಾಜೂ ಅಲ್ಲ, ವೈಪರಿನ ಕೆಳಗಿನ ತೊಟ್ಟಿಯೂ ಅಲ್ಲ ಎಂಬುದು ಅಷ್ಟರಲ್ಲೇ ಗೊತ್ತಾಯಿತು.

ಉಳಿದದ್ದು ಪೈಪಿನ ಪರೀಕ್ಷೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು, ಹೊರಗಿನವರು ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ನೀರು ಹರಿಸುತ್ತ ಬರಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದುಗಳೂ ಒಮ್ಮೆಗೇ ತೋಯ್ದು ಯಾವುದು ಅಪರಾಧಿಯೆಂದು ತಿಳಿಯುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಇದಕ್ಕೆ ಸಲ್ಲದು, ಅದು ಸರಿಯಾಗಿರುವ ಬೀಡಿಂಗನ್ನೂ ದಾಟಿಸಿಬಿಡುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಬಗ್ಗೆ ನನಗೆ ಅನುಮಾನವಿತ್ತಾದರೂ, ಬಾಗಿಲು ಮುಚ್ಚಿ ನಡುವೆ ಸಿಕ್ಕಿಸಿದ ಕಾಗದದ ಚೂರು ಎಲ್ಲ ಕಡೆಯೂ ಬಿಗಿಯಾಗಿಯೇ ಹಿಡಿದುಕೊಂಡಿತು. ನೀರು ಕಿಟಕಿಯ ಗಾಜಿನ ಮೇಲೆ ಹರಿಯತೊಡಗಿದ ಸ್ವಲ್ಪ ಹೊತ್ತಿಗೆ ಒಳಗೆ ಕೂತಿದ್ದ ತಮ್ಮ, ಬಾಗಿಲಿನ ಒಳಪ್ಯಾಡಿನ ಕೆಳ ಅಂಚಿನಿಂದ ಹನಿ ಬೀಳುತ್ತಿದೆ ಎಂದು ಕೂಗಿದ.

ಕಾರಿನ ಬಾಗಿಲಿನ ಒಳಭಾಗ ಒಣಗಿರಬೇಕೆಂದು ಬಹಳ ಜನ ತಿಳಿದಿರುತ್ತಾರೆ. ಹಾಗೇನಿಲ್ಲ. ಗಾಜಿನ ಗುಂಟ ಇಳಿಯುವ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗಿ ತಳದಲ್ಲಿರುವ ತೂತುಗಳಿಂದ ಹೊರಬೀಳಲಿ ಎಂದೇ ಅದನ್ನು ರೂಪಿಸಿರುತ್ತಾರೆ; ಆ ನೀರು ಒಳಪ್ಯಾಡಿನ ಕಡೆಗೆ ಬಾರದಂತೆ ತಡೆಯುವುದು ಪ್ಯಾಡಿನ ಹಿಂದೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ. ಪ್ಯಾಡ್ ಬಿಚ್ಚಿದಾಗ ಕಂಡದ್ದು ಇಷ್ಟು: ಹಿಂದಿನ ಬೇಸಗೆಯಲ್ಲಿ ಪವರ್ ವಿಂಡೋ ಮೋಟಾರ್ ಬದಲಿಸಿದ ಗ್ಯಾರೇಜಿನವರು ಹಾಳೆಯನ್ನು ಹರಿದು ತೆಗೆದು, ಮತ್ತೆ ಸೆಲ್ಲೋಟೇಪಿನಿಂದ ಅಂಟಿಸಿದ್ದರು. ಬೇಸಗೆಯಲ್ಲಿ ಅದು ನಿಂತಿತು, ಮಳೆಗಾಲಕ್ಕೆ ಕಿತ್ತುಬಂತು. ದಪ್ಪ ಪಾಲಿಥೀನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಕಪ್ಪು ಬ್ಯುಟೈಲ್ ಪಟ್ಟಿಯಿಂದ (ಮೆತ್ತನೆಯ ಅಂಟುರಬ್ಬರಿನ ಪಟ್ಟಿ) ಅಂಟಿಸಿ, ಕೆಳ ಅಂಚನ್ನು ಬಾಗಿಲಿನ ತಗಡಿನ ಒಳಕ್ಕೆ ಮಡಿಚಿಟ್ಟೆ. ಅಂಚು ಹೊರಗೆ ಉಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ತಳದ ತೂತುಗಳನ್ನು ತೆಂಗಿನಗರಿಯ ಕಡ್ಡಿಯಿಂದ ಬಿಡಿಸಿದಾಗ ಕೆಮ್ಮಣ್ಣು ಬಂತು.

ಬೇರೆ ಕಾರುಗಳಲ್ಲಿ ದಾರಿ ಬೇರೆಯಿರುತ್ತದೆ. ಬೆಂಗಳೂರಿನಲ್ಲಿ ಗುಲ್‌ಮೊಹರ್ ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರಿನ ಕೆಳಗಿನ ತೊಟ್ಟಿಗೆ ಆ ಸಣ್ಣ ಎಲೆಗಳು ತುಂಬಿ, ನೀರು ಹೊರಹೋಗಲಾರದೆ ಬ್ಲೋವರಿನ ಗಾಳಿದಾರಿಯಿಂದ ಒಳಬರುತ್ತದೆ. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದೇ ಇಲ್ಲ, ಒಳಬಂದದ್ದನ್ನು ಕಂಬಗಳೊಳಗಿನ ಕೊಳವೆಗಳು ಇಳಿಸುತ್ತವೆ. ಕೊಳವೆ ಕಟ್ಟಿದರೆ ಚಾವಣಿಯ ಬಟ್ಟೆ ತೋಯುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ನೀರು ನಿಂತಿದ್ದರೆ ಹಿಂದೀಪಗಳ ಗ್ಯಾಸ್ಕೆಟ್ ನೋಡಬೇಕು, ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಾದರೆ ತಗಡಿನ ಬೆಸುಗೆಯನ್ನೂ.

ಸೋರಿಕೆ ನಿಂತ ಮೇಲೂ ಫೆಲ್ಟ್ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರಬಲ್ಲದು, ಮತ್ತು ಅದರಡಿಯ ತಗಡು ಅಷ್ಟೂ ಕಾಲ ತುಕ್ಕು ಹಿಡಿಯುತ್ತಿರುತ್ತದೆ. ಫೆಲ್ಟನ್ನು ಹೊರತೆಗೆಯಲು ಸೀಟು ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಿ ಸ್ವಲ್ಪ ಹೊತ್ತು ಬಿಡಬೇಕು, ಏಕೆಂದರೆ ಸೀಟಿನ ಕೆಳಗಿರುವ ಹಳದಿ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸಂಬಂಧಿಸಿದವು. ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಬಟ್ಟೆಯೇ ಆರುವುದು ಬಚ್ಚಲೊಲೆಯ ಮೇಲಾದ್ದರಿಂದ ಫೆಲ್ಟನ್ನೂ ಅಲ್ಲಿಯೇ ಹರವಿದ್ದೇನೆ. ಹಿಂದಿನ ಎಡ ಬಾಗಿಲಿನ ಮೋಟಾರನ್ನೂ ಅದೇ ಗ್ಯಾರೇಜಿನವರು ಬದಲಿಸಿದ್ದರು. ಬ್ಯುಟೈಲ್ ಪಟ್ಟಿ ಇನ್ನೂ ಉಳಿದಿರುವುದರಿಂದ ಮುಂದಿನ ಭಾನುವಾರ ಆ ಪ್ಯಾಡನ್ನೂ ಬಿಚ್ಚುವವನಿದ್ದೇನೆ.