ಆಟಿ ಮಳೆಯಲ್ಲಿ ಹರಿಕೇನ್‌ಗೆ ಬಣ್ಣ

20 ಜುಲೈ 2025, ಭಾನುವಾರ
ಉರ್ವ, ಮಂಗಳೂರು

ಬೆಳಿಗ್ಗೆ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಡಲಿಲ್ಲ. ಕೋಣೆಯ ತೇವಾಂಶದ ಮೀಟರ್ 91 ತೋರಿಸುತ್ತಿತ್ತು. ಇಂಥ ದಿನ ವಿಮಾನದ ಮಾಡೆಲ್‌ಗೆ ಪೇಂಟ್ ಹೊಡೆಯಲೇಬಾರದು ಅಂತ ಪೇಂಟ್ ಡಬ್ಬಿಯಿಂದ ಹಿಡಿದು ಎಲ್ಲ ಕಡೆ ಬರೆದಿರುತ್ತಾರೆ. ಬರೆದವರು ತುಳುನಾಡಿನ ಆಟಿ ತಿಂಗಳ ಮಳೆ ಕಂಡವರಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೈಕಟ್ಟಿ ಕೂತರೆ ವರ್ಷದಲ್ಲಿ ಮೂರನೇ ಒಂದು ಪಾಲು ಹೋಯಿತು. ಹಾಗಾಗಿ ಮಳೆಗಾಲಕ್ಕೆ ನನ್ನದೇ ಒಂದು ಕ್ರಮ ಉಂಟು. ನೀರಿನ ಅಕ್ರಿಲಿಕ್ ಆದೀತು. ಲ್ಯಾಕರ್ ಬೇಡ. ಅದರಲ್ಲೂ ಕ್ಲಿಯರ್ ಲ್ಯಾಕರ್ ಬೇಡವೇ ಬೇಡ.

ಲ್ಯಾಕರ್‌ನ ಥಿನ್ನರ್ ಬೇಗ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಇಷ್ಟು ನೀರಿದ್ದರೆ ಅದು ಆ ತಣ್ಣಗಿನ ಮೈ ಮೇಲೆ ಇಳಿದು, ಒಣಗುತ್ತಿರುವ ಪದರದಲ್ಲೇ ಸಿಕ್ಕಿಬೀಳುತ್ತದೆ. ಅಲ್ಲೆಲ್ಲ ಬೆಳ್ಳಗೆ ಮಬ್ಬು ಕಟ್ಟುತ್ತದೆ. ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸೇರಿಸಿದ ಥಿನ್ನರನ್ನು ತೆಳ್ಳಗೆ ಹೊಡೆದರೆ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಇಲ್ಲ. ಆ ಜೂಜು ಯಾಕೆ ಬೇಕು?

ಅಕ್ರಿಲಿಕ್‌ಗಾದರೆ ಈ ತೇವದಿಂದ ಒಂದು ಲಾಭವೂ ಉಂಟು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಉಂಡೆಕಟ್ಟುವುದು ಕಮ್ಮಿ. ಬೆಂಗಳೂರಿನ ಗೆಳೆಯ ಮಾರ್ಚ್ ಬಂತೆಂದರೆ ಇದೇ ವಿಷಯಕ್ಕೆ ಗೊಣಗುತ್ತಾನೆ, ನಿಮಿಷಕ್ಕೊಮ್ಮೆ ತುದಿ ಒರೆಸಬೇಕಂತೆ. ನಮ್ಮ ರಗಳೆ ಬೇರೆ. ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಎಳೆದುಕೊಳ್ಳುತ್ತದೆ. ಒತ್ತಿದಾಗ ಬಿಸಿಯಾದ ಗಾಳಿ ಪೈಪಿನಲ್ಲಿ ತಣ್ಣಗಾಗಿ, ನೀರು ಹನಿಯಾಗಿ ಹೊರಗೆ ಬರುತ್ತದೆ. ಆ ಒಂದು ಹನಿ ರೆಕ್ಕೆಯ ಮೇಲೆ ಬಿದ್ದರೆ ಮುಗಿಯಿತು. ರೆಗ್ಯುಲೇಟರ್ ಹತ್ತಿರ ನೀರು ಹಿಡಿಯುವ ಟ್ರ್ಯಾಪ್ ಒಂದೇ ಸಾಲುವುದಿಲ್ಲ. ಏರ್‌ಬ್ರಷ್‌ನ ಬುಡದಲ್ಲಿ ಇನ್ನೊಂದು ಪುಟ್ಟ ಟ್ರ್ಯಾಪ್ ಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಬೇಕು. ಈ ತಿಂಗಳಲ್ಲಿ ಅಲ್ಲಿಂದ ಬರುವ ನೀರು ನೋಡಿದರೆ ನಗು ಬರುತ್ತದೆ.

ಮೇಜಿನ ಮೇಲಿರುವುದು 1/72 ಅಳತೆಯ ಹಾಕರ್ ಹರಿಕೇನ್, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 40 ಅಡಿ. ಇದರದ್ದು 17 ಸೆಂಟಿಮೀಟರ್, ಒಂದು ಗೇಣೂ ಇಲ್ಲ. 1944ರಲ್ಲಿ ಇಂಫಾಲದಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್‌ನ ಬಣ್ಣ ಹಾಕುವ ಯೋಚನೆ. ಆಗ ಆ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದವರು ಅರ್ಜನ್ ಸಿಂಗ್, ಮುಂದೆ 1965ರ ಯುದ್ಧದ ಹೊತ್ತಿಗೆ ಇಡೀ ವಾಯುಪಡೆಯ ಮುಖ್ಯಸ್ಥರು. ಮೇಲ್ಮೈಗೆ ಕಡು ಹಸಿರು ಮತ್ತು ಮಣ್ಣಿನ ಕಂದು. ಗುರುತಿನ ವೃತ್ತದಲ್ಲಿ ಕೆಂಪು ಇಲ್ಲ, ಕಡು ನೀಲಿಯ ಒಳಗೆ ತಿಳಿ ನೀಲಿ. ಜಪಾನಿನ ವಿಮಾನಗಳ ಮೇಲೆ ಕೆಂಪು ಸೂರ್ಯ ಇರುತ್ತಿತ್ತಲ್ಲ, ಗಡಿಬಿಡಿಯಲ್ಲಿ ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯಬಾರದು ಅಂತ ಬರ್ಮಾ ಕಡೆಯ ವಿಮಾನಗಳಿಂದ ಕೆಂಪನ್ನೇ ತೆಗೆದಿದ್ದರು.

ಭಾನುವಾರ ಅಲ್ವಾ, ಅಕ್ಕನ ಮಗ ಬಂದಿದ್ದ. ಒಂಬತ್ತನೇ ಕ್ಲಾಸು. ಕೋಣೆಗೆ ಕಾಲಿಟ್ಟವನೇ ಕೇಳಿದ.

"ಎಂತ ಮಾಮ, ಇಡೀ ವಿಮಾನ ಕಪ್ಪು ಮಾಡಿದ್ದೀರಿ? ಹಸಿರು ಅಂತ ಹೇಳಿದ್ದಲ್ವಾ?"

"ಹಸಿರೇ ಮಾರಾಯ. ಕಪ್ಪು ಒಳಗೆ ಇರುದು."

"ಒಳಗೆ ಇದ್ದರೆ ಕಾಣುದು ಹೇಗೆ?"

ಕೇಳಬೇಕಾದ ಪ್ರಶ್ನೆಯೇ. ಒಂದೇ ಬಣ್ಣದಲ್ಲಿ ತಿಳಿ, ಗಾಢ ತೋರಿಸುವ ಶೇಡಿಂಗ್‌ಗೆ ದಾರಿ ಹಲವು. ಹಳೆಯ ದಾರಿ ಪ್ರೀ-ಶೇಡಿಂಗ್. ಬೂದು ಪ್ರೈಮರ್ (ಅಡಿಬಣ್ಣ) ಮೇಲೆ, ತಗಡು ತಗಡು ಕೂಡುವ ಪ್ಯಾನಲ್ ಲೈನ್ ಹಿಡಿದು ಕಪ್ಪು ಗೆರೆ ಹೊಡೆದು, ಅದರ ಮೇಲೆ ಅಸಲಿ ಬಣ್ಣವನ್ನು ತೆಳ್ಳಗೆ ಹಾಕುವುದು. ಕಪ್ಪು ಅಡಿಯಿಂದ ಸ್ವಲ್ಪ ಸ್ವಲ್ಪ ಇಣುಕುತ್ತದೆ. ಪೋಸ್ಟ್-ಶೇಡಿಂಗ್ ಇದರ ಉಲ್ಟಾ. ಮೊದಲು ಬಣ್ಣ ಪೂರ್ತಿ ಹೊಡೆದು, ಆಮೇಲೆ ಅದನ್ನೇ ತುಸು ತಿಳಿ ಮಾಡಿ ಪ್ರತಿ ಪ್ಯಾನಲ್‌ನ ನಡುವೆ ಹೊಡೆಯುವುದು. ಎರಡರಲ್ಲೂ ಕೈ ಸ್ವಲ್ಪ ಜಾಸ್ತಿ ಆದರೆ ವಿಮಾನದ ಮೇಲೆ ಚೌಕುಳಿ ಲುಂಗಿ ಹೊದೆಸಿದ ಹಾಗೆ ಕಾಣುತ್ತದೆ. ಸ್ಪರ್ಧೆಗಳ ಫೋಟೋಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಕೆಲಸದ ನಾಜೂಕು ಒಪ್ಪುತ್ತೇನೆ. ಆದರೆ ನನಗೆ ಹಿಡಿಸುವುದಿಲ್ಲ.

ಅಳಿಯನಿಗೆ ಲೆಕ್ಕ ಮಾಡಿಸಿದೆ. ಅರ್ಧ ಮಿಲಿಮೀಟರ್ ಅಗಲದ ಕಪ್ಪು ಗೆರೆ, 72ರಿಂದ ಗುಣಿಸು. 36 ಮಿಲಿಮೀಟರ್. ಅಂದರೆ ಅಸಲಿ ವಿಮಾನದಲ್ಲಿ ಎರಡು ಬೆರಳಗಲದ ಕಪ್ಪು ಪಟ್ಟಿ, ಪ್ರತಿಯೊಂದು ತಗಡಿನ ಸುತ್ತ. ಯಾವ ವಿಮಾನ ಹಾಗಿರುತ್ತದೆ? ಹರಿಕೇನ್‌ನಲ್ಲಂತೂ ಇನ್ನೊಂದು ತಮಾಷೆ ಉಂಟು. ಪೈಲಟ್ ಕೂರುವ ಜಾಗದಿಂದ ಹಿಂದಕ್ಕೆ ಅದರ ಮೈ ತಗಡೇ ಅಲ್ಲ. ಲೋಹದ ಕೊಳವೆಗಳ ಚೌಕಟ್ಟು, ಅದಕ್ಕೆ ಮರದ ಪಟ್ಟಿಗಳು, ಅದರ ಮೇಲೆ ಬಿಗಿಯಾಗಿ ಎಳೆದು ಡೋಪ್ ಎಂಬ ವಾರ್ನಿಷ್ ಬಳಿದ ಲಿನನ್ ಬಟ್ಟೆ. ಅಲ್ಲಿ ಪ್ಯಾನಲ್ ಲೈನೇ ಇಲ್ಲದ ಮೇಲೆ ಕಪ್ಪು ಗೆರೆ ಎಲ್ಲಿಂದ ಬರಬೇಕು? ಉದ್ದಕ್ಕೆ ಸಾಗುವ ಪಟ್ಟಿಗಳ ಏಣು ಮಾತ್ರ ಕಾಣಬೇಕು. ಏಣಿನ ಮೇಲೆ ತುಸು ತಿಳಿ, ಎರಡು ಏಣಿನ ನಡುವೆ ತುಸು ಗಾಢ. ಅಷ್ಟೇ. ಬೆಳ್ಳಿ ಬಣ್ಣದಿಂದ ಪೇಂಟ್ ಕಿತ್ತು ಬಂದ ಹಾಗೆ ಮಾಡುವುದೂ ಅಲ್ಲಿ ನಡೆಯುವುದಿಲ್ಲ. ಬಟ್ಟೆಯ ಕೆಳಗೆ ತಗಡು ಹೊಳೆಯುವುದು ಹೇಗೆ?

ನಾನು ಮಾಡುತ್ತಿರುವುದು ಬ್ಲ್ಯಾಕ್ ಬೇಸಿಂಗ್. ಮೊದಲು ಇಡೀ ಮಾಡೆಲ್‌ಗೆ ಕಪ್ಪು ಪ್ರೈಮರ್. ಆಮೇಲೆ ಹಸಿರನ್ನು ನೀರು ಮಜ್ಜಿಗೆಯ ಹದಕ್ಕೆ ತೆಳು ಮಾಡಿ, ಗಾಳಿಯ ಒತ್ತಡವನ್ನು 12 ಪಿಎಸ್‌ಐಗೆ ಇಳಿಸಿ, ಸೂಜಿಯನ್ನು ಮಾಡೆಲ್‌ನಿಂದ ಒಂದು ಬೆರಳಷ್ಟು ದೂರಕ್ಕೆ ತಂದು, ಅಡ್ಡಾದಿಡ್ಡಿ ಗೀಚುತ್ತಾ ಹೋಗುವುದು. ಗೆರೆ ಹಿಡಿದು ಹೋಗಬಾರದು. ಇಲ್ಲೊಂದು ಸುಳಿ, ಅಲ್ಲೊಂದು ಚುಕ್ಕಿ, ಒಂದು ಕಡೆ ದಟ್ಟ, ಪಕ್ಕದಲ್ಲಿ ಖಾಲಿ. ಬೆರಳು ಟ್ರಿಗರ್ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿದರೆ ಸಾಕು, ಬಣ್ಣ ಬರುತ್ತದೆ. ಇನ್ನೂ ಸರಿದರೆ ಬಣ್ಣ ಗಾಳಿಯ ಒತ್ತಡಕ್ಕೆ ನಾಲ್ಕೂ ಕಡೆ ಜೇಡನ ಕಾಲು ಚಾಚುತ್ತದೆ. ಹಾಗಾಗಿ ಮೊದಲ ಗೀಚು ಯಾವಾಗಲೂ ಪಕ್ಕದ ರಟ್ಟಿನ ಮೇಲೆ. ಈ ಹಂತ ನೋಡಲು ಚಂದ ಇರುವುದಿಲ್ಲ. ಅಳಿಯ ಮುಖ ಹುಳಿ ಮಾಡಿದ. ಕೊನೆಗೆ ಅದೇ ಹಸಿರನ್ನು ಇನ್ನೂ ತೆಳು ಮಾಡಿ ಇಡೀ ಮೈಗೆ ಹಗುರವಾಗಿ ಹೊಡೆಯಬೇಕು. ಗೀಚಿದ್ದೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಎಷ್ಟು ಹೊಡೆಯಬೇಕು ಅಂತ ಯಾರೂ ಹೇಳಿಕೊಡಲು ಆಗುವುದಿಲ್ಲ. ಒಂದು ಕೋಟ್ ಕಮ್ಮಿ ಅನಿಸಿದಾಗಲೇ ನಿಲ್ಲಿಸುವುದು ಒಳ್ಳೆಯದು, ಯಾಕೆಂದರೆ ಒಣಗಿ ಹೊಳಪಿಲ್ಲದ ಮ್ಯಾಟ್ ಕೋಟ್ ಬಿದ್ದ ಮೇಲೆ ಎಲ್ಲವೂ ಸ್ವಲ್ಪ ಒಂದೇ ಥರ ಆಗಿಬಿಡುತ್ತದೆ.

ಹಸಿರನ್ನು ತಿಳಿ ಮಾಡಲು ಬಿಳಿ ಹಾಕುವವರು ಜಾಸ್ತಿ. ಹಾಕಿದರೆ ಹಸಿರು ಸುಣ್ಣ ಬಳಿದುಕೊಳ್ಳುತ್ತದೆ. ನಾನು ಮರಳಿನ ಹಳದಿ ಹಾಕುತ್ತೇನೆ, ಕಂದು ಬಣ್ಣಕ್ಕೂ ಅದೇ. ಚಿಕ್ಕ ಮಾಡೆಲ್ ಮೇಲೆ ಅಸಲಿ ಬಣ್ಣ ಅಸಲಿಗಿಂತ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಈ ಅಳತೆಗೆ ಮೂಲ ಬಣ್ಣವನ್ನೇ ಸ್ವಲ್ಪ ತಿಳಿ ಮಾಡಿಕೊಳ್ಳಬೇಕು.

ಹಸಿರಿನ ಅರ್ಧದಲ್ಲಿ ಕರೆಂಟ್ ಹೋಯಿತು. ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲಿ ಏರ್‌ಬ್ರಷ್ ತೊಳೆದಿಟ್ಟೆ. ಎಕ್ಸಾಸ್ಟ್ ಫ್ಯಾನ್ ಇಲ್ಲದೆ, ಕಿಟಕಿ ಮುಚ್ಚಿ ಸ್ಪ್ರೇ ಮಾಡುವುದು ನನ್ನ ಪದ್ಧತಿಯಲ್ಲಿಲ್ಲ, ನೀರಿನ ಬಣ್ಣವಾದರೂ ಸರಿ. ಮಾಸ್ಕ್ ಇದ್ದರೂ ಸರಿ.

ನಾಲ್ಕರ ಹೊತ್ತಿಗೆ ಮಳೆ ಕೊಂಚ ಬಿಟ್ಟಿತು. ಅಳಿಯನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಬಂದರಿನ ದಕ್ಕೆಗೆ ಹೋದೆ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆಯಲ್ಲವಾ, ಬೋಟುಗಳೆಲ್ಲ ಒತ್ತೊತ್ತಿಗೆ ಕಟ್ಟಿ ನಿಂತಿವೆ. ಉಪ್ಪು ನೀರು, ಬಿಸಿಲು, ಹಗ್ಗ, ಕಾಲು ಇವು ಬಣ್ಣವನ್ನು ಏನು ಮಾಡುತ್ತವೆ ಅಂತ ನೋಡಲು ಮಂಗಳೂರಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಒಂದು ನೀಲಿ ಬೋಟಿನ ಹತ್ತಿರ ನಿಂತೆವು. ಬದಿಗೆ ಕಟ್ಟಿದ ಟಯರ್ ಗಾಳಿಗೆ ಅತ್ತಿತ್ತ ಓಲಾಡುತ್ತಿತ್ತು. ಟಯರ್ ಸರಿದಾಗ ಅದರ ಹಿಂದೆ ಕಾಣುವ ನೀಲಿಯೇ ಬೇರೆ, ಈಗ ತಾನೇ ಡಬ್ಬಿಯಿಂದ ತೆಗೆದದ್ದರಷ್ಟು ಗಾಢ. ಅದರ ಸುತ್ತ ಟಯರ್ ಉಜ್ಜಿದ ಕಪ್ಪು ಗೀರು. ಒಂದು ಮೊಳ ಆಚೆ ಬಿಸಿಲು ತಿಂದ ನೀಲಿ, ಬೆರಳಿಟ್ಟರೆ ಪುಡಿ ಅಂಟುತ್ತದೆ. ಜನ ಹತ್ತಿ ಇಳಿಯುವ ಕಡೆ ಅಂಚಿನ ಬಣ್ಣ ಪೂರ್ತಿ ಸವೆದು, ಹಳೆಯ ಹಸಿರು, ಅದರಡಿಯ ಬಿಳಿ, ಎಲ್ಲ ಹೊರಗೆ ಬಂದಿವೆ. ಆದರೆ ಎರಡೇ ಅಡಿ ಪಕ್ಕದಲ್ಲಿ, ಯಾರೂ ಕಾಲಿಡದ ಕಡೆ, ಒಂದು ಗೀರೂ ಇಲ್ಲ. ಬೋಲ್ಟುಗಳಿಂದ ತುಕ್ಕು ನೇರ ಕೆಳಗೆ ಇಳಿದಿದೆ. ಮೇಲೆ ದಪ್ಪ, ಕೆಳಗೆ ಹೋಗ್ತಾ ಹೋಗ್ತಾ ಮಾಯ.

"ಹಲಗೆ ಕೂಡುವಲ್ಲಿ ಕಪ್ಪು ಗೆರೆ ಉಂಟಾ ನೋಡು," ಅಂದೆ.

ಬಗ್ಗಿ ನೋಡಿದ. "ಕೆಲವು ಕಡೆ ಉಂಟು ಮಾಮ. ಎಲ್ಲ ಕಡೆ ಇಲ್ಲ."

ಈ ಮಾತನ್ನು ಮೊಬೈಲಲ್ಲಿ ಬರೆದಿಟ್ಟುಕೊಂಡೆ.

ಹರಿಕೇನ್‌ಗೂ ಇದೇ ಲೆಕ್ಕ. ಪೈಲಟ್ ಹತ್ತುವುದು ಎಡಗಡೆಯಿಂದ. ಹಾಗಾಗಿ ಎಡ ರೆಕ್ಕೆಯ ಬುಡದಲ್ಲಿ ಸವೆತ ಜಾಸ್ತಿ ಇರಬೇಕು. ಮೆಕ್ಯಾನಿಕ್‌ಗಳು ಎರಡೂ ಕಡೆ ಓಡಾಡುತ್ತಾರೆ, ಬಲಗಡೆ ಸ್ವಲ್ಪ ಕಮ್ಮಿ ಇರಲಿ. ಸದಾ ಬಿಚ್ಚುವ ಎಂಜಿನ್ ಮುಚ್ಚಳದ ಅಂಚಿನಲ್ಲಿ ಮಸಿ ಇರಬಹುದು, ರೆಕ್ಕೆಯ ತುದಿಯ ಹತ್ತಿರ ಯಾಕೆ ಇರಬೇಕು? ಎಂಜಿನ್ನಿನ ಹೊಗೆ ಕೊಳವೆಗಳಿಂದ ಹಿಂದಕ್ಕೆ ಸಾಗುವ ಕಲೆ ಪೂರ್ತಿ ಕಪ್ಪಲ್ಲ, ಕಂದು, ಅದರ ನಡುವೆ ಬೂದು. ಬಿಸಿಲಿಗೆ ಬಣ್ಣ ಹೋಗುವುದು ಆಕಾಶ ನೋಡುವ ಮೈಯಲ್ಲಿ, ರೆಕ್ಕೆ ಮೇಲೆ ಮತ್ತು ಬೆನ್ನಿನ ಮೇಲೆ. ಬದಿಗಳಲ್ಲಿ ಕಮ್ಮಿ.

ಬಿಸಿಲಿಗೆ ಮಾಸಿದ್ದನ್ನು ತೋರಿಸಲು ಉಪ್ಪಿನ ಉಪಾಯ ಒಂದುಂಟು. ಒದ್ದೆ ಮಾಡಿದ ರೆಕ್ಕೆ ಮೇಲೆ ಉಪ್ಪು ಉದುರಿಸಿ, ಒಣಗಿಸಿ, ತಿಳಿ ಬಣ್ಣ ಹೊಡೆದು, ತೊಳೆದರೆ ಉಪ್ಪು ಕೂತಿದ್ದ ಕಡೆಯೆಲ್ಲ ಹಳೆ ಬಣ್ಣ ಉಳಿಯುತ್ತದೆ. ತುಂಬಾ ಚಂದ ಬರುತ್ತದೆ. ಆದರೆ ಜುಲೈಯಲ್ಲಿ ನಮ್ಮ ಅಡುಗೆಮನೆಯ ಉಪ್ಪೇ ಭರಣಿಯಲ್ಲಿ ನೀರು ಬಿಟ್ಟು ಕೂತಿರುವಾಗ ರೆಕ್ಕೆ ಮೇಲಿನ ಉಪ್ಪು ಒಣಗುವುದುಂಟಾ? ಅದು ಡಿಸೆಂಬರಿನ ಕೆಲಸ. ಈಗ ಆಯಿಲ್ ಕಲರ್ ಸಾಕು. ಚಿತ್ರ ಬಿಡಿಸುವ ಟ್ಯೂಬಿನಿಂದ ಹಳದಿ, ಕಂದು, ಬಿಳಿ, ನೀಲಿ ಒಂದೊಂದು ಸಾಸಿವೆಯಷ್ಟು ರಟ್ಟಿನ ಮೇಲೆ ಇಡಬೇಕು. ಅದರ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬಣ್ಣ ಬೇಗ ಒಣಗುತ್ತದೆ, ಹೊಳೆಯುವುದೂ ಇಲ್ಲ. ಆ ಚುಕ್ಕಿಗಳನ್ನು ರೆಕ್ಕೆ ಮೇಲಿಟ್ಟು, ಥಿನ್ನರ್‌ನಲ್ಲಿ ಅದ್ದಿ ಒರೆಸಿದ ಬ್ರಷ್‌ನಿಂದ ಗಾಳಿ ಹರಿಯುವ ದಿಕ್ಕಿಗೆ ಎಳೆಯುವುದು. ಬದಿಗಳಲ್ಲಿ ಮೇಲಿಂದ ಕೆಳಗೆ.

ದಕ್ಕೆಯಿಂದ ಬರುವಾಗ ಅಳಿಯ ರಸ್ತೆ ಬದಿಯ ಕೆಂಪು ಮಣ್ಣು ತೋರಿಸಿ, ಇದನ್ನು ಒಣಗಿಸಿ ಪುಡಿ ಮಾಡಿ ಚಕ್ರಕ್ಕೆ ಹಚ್ಚೋಣ ಅಂದ. ನಮ್ಮ ಮುರಕಲ್ಲಿನ ಮಣ್ಣು ಇಂಫಾಲದ ವಿಮಾನಕ್ಕೆ ಬೇಡ ಅಂದೆ. ನಮ್ಮ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ವಿಮಾನ ಮಾಡುವ ದಿನ ನೋಡುವ.

ಮನೆಗೆ ಬಂದಾಗ ಕರೆಂಟ್ ಇತ್ತು. ಹಸಿರು ಮುಗಿಸಿದೆ. ಕಂದು ಬಣ್ಣದ ಅಂಚಿಗೆ ಬ್ಲೂ ಟ್ಯಾಕ್ ಎಂಬ ಮೆತ್ತನೆಯ ಅಂಟು ಹೊಸೆದು ಬತ್ತಿ ಮಾಡಿ ಅಂಟಿಸಿದ್ದೇನೆ. ಕೈಬೀಸಿ ಹೊಡೆದರೆ ಅಂಚಿನ ಮಬ್ಬು ಮೂರು ಮಿಲಿಮೀಟರ್ ಆದರೂ ಅಸಲಿಯಲ್ಲಿ ಅದು ಒಂದು ಗೇಣಿನ ಹತ್ತಿರ. ಹರಿಕೇನ್‌ನ ಅಂಚು ಅಷ್ಟು ಮಬ್ಬಲ್ಲ. ಕಂದು ನಾಳೆ ರಾತ್ರಿ. ಹೊಳಪಿನ ಕೋಟ್ ಅದರ ಮರುದಿನ, ಅದೂ ಅಕ್ರಿಲಿಕ್, 40 ವಾಟಿನ ಬಲ್ಬು ಹಾಕಿದ ಪ್ಲಾಸ್ಟಿಕ್ ಡಬ್ಬದಲ್ಲಿ ಬೆಚ್ಚಗೆ ಒಣಗಬೇಕು. ಹೊಳಪಿಲ್ಲದ ಮೈ ಮೇಲೆ ಡೆಕಾಲ್ (ಗುರುತುಗಳ ತೆಳು ಸ್ಟಿಕ್ಕರ್) ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಥರ ಮಿನುಗುತ್ತದೆ, ಆ ನೀಲಿ ವೃತ್ತಗಳು ಹಾಳಾಗುತ್ತವೆ. ಗುರುವಾರ ಆಟಿ ಅಮಾವಾಸ್ಯೆ. ಬೆಳಿಗ್ಗೆ ಹಾಲೆ ಮರದ ಕಷಾಯ ಕುಡಿಯಲು ಅಕ್ಕನ ಮನೆಗೆ ಹೋಗಲೇಬೇಕು, ಆವತ್ತು ಕೆಲಸ ಇಲ್ಲ.

ಪ್ರೊಪೆಲ್ಲರನ್ನು ಅಳಿಯನ ಕೈಗೆ ಕೊಟ್ಟು ಕಳಿಸಿದ್ದೇನೆ. ತುದಿಯ ಹಳದಿ ಅಸಲಿಯಲ್ಲಿ ನಾಲ್ಕು ಇಂಚು, ಇಲ್ಲಿ 1.4 ಮಿಲಿಮೀಟರ್. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ತುದಿಗೆ ಟೇಪ್ ಸುತ್ತಿ ಕಪ್ಪು ಅಂತ ಹೇಳಿದ್ದೇನೆ. ಕಪ್ಪಿನ ಮೇಲೆ ನೇರ ಹಳದಿ ಹೊಡೆದರೆ ಹಸಿರು ತಿರುಗುತ್ತದೆ.