ಹೆಗಲ ಮೇಲಿನ ಟವೆಲ್

ಇವತ್ತು ಹೊಸ ಡಿಸ್ಕ್ ಬಂತು. ನನಗೆ ತುಂಬಾ ಇಷ್ಟದ ಕಾನ್ಸರ್ಟ್ ಫಿಲ್ಮ್. ಚಿತ್ರ ಎಷ್ಟು ಸ್ಪಷ್ಟ ಅಂದ್ರೆ ಡ್ರಮ್ಮರ್ ಹಣೆಯ ಬೆವರೂ ಕಾಣುತ್ತದೆ.

ಹಳೆ ಟೇಪಿನಲ್ಲಿ ಒಂದು ಜಾಗ ಇತ್ತು. ಗಾಯಕ ನೀರು ಕುಡಿದು, ಟವೆಲ್ ಹೆಗಲಿಗೆ ಹಾಕಿಕೊಂಡು, ಬೇರೆಯವರ ಹಳೆ ಹಾಡೊಂದನ್ನು ಮೆಲ್ಲಗೆ ಶುರು ಮಾಡುತ್ತಿದ್ದ. ಎರಡನೇ ಸಾಲಿಗೆ ಜನರೆಲ್ಲ ಸೇರಿ ಹಾಡುತ್ತಿದ್ದರು. ನಾನೂ.

ಹೊಸದರಲ್ಲಿ ಅವನು ಟವೆಲ್ ಎತ್ತಿಕೊಳ್ಳುತ್ತಾನೆ. ಮುಂದಿನ ಕ್ಷಣ ಹೆಗಲ ಮೇಲೆ ಟವೆಲ್ ಇಲ್ಲ, ಬೇರೆ ಹಾಡು ನಡೀತಿದೆ. ಅಷ್ಟೇ. ಎರಡು ಸಲ ಹಿಂದಕ್ಕೆ ಹೋಗಿ ನೋಡಿದೆ.

ಕಾರಣ ಗೊತ್ತು. ವೇದಿಕೆ ಮೇಲೆ ಹಾಡೋಕೆ ಒಂದು ಅನುಮತಿ, ಅದೇ ಹಾಡನ್ನು ಚಿತ್ರದ ಜೊತೆ ಸೇರಿಸಿ ಮಾರೋಕೆ ಇನ್ನೊಂದು. ಎಷ್ಟೋ ಹಳೆ ಕರಾರುಗಳಲ್ಲಿ ಥಿಯೇಟರ್, ಟೇಪ್ ಅಷ್ಟೇ ಇರುತ್ತಿತ್ತು. ಡಿಸ್ಕ್, ಸ್ಟ್ರೀಮಿಂಗ್ ಬಂದಾಗ ಮತ್ತೆ ಕೇಳಬೇಕು, ಮತ್ತೆ ದುಡ್ಡು ಕೊಡಬೇಕು. ಹಾಡು ಬರೆದವರಿಗೆ ಅವರ ಪಾಲು ಸಿಗಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ.

ಆದರೆ ಸಿನಿಮಾದಲ್ಲಾದರೆ ಹಿನ್ನೆಲೆಯ ಹಾಡು ಬದಲಿಸಬಹುದು. ಇಲ್ಲಿ ಹಾಡೇ ಅಲ್ವಾ ಘಟನೆ? ಆ ರಾತ್ರಿ ಅವನು ಅದನ್ನು ಹಾಡಿದ್ದ. ಈಗ ಅವನು ಅದನ್ನು ಹಾಡಲೇ ಇಲ್ಲ ಅನ್ನೋ ಹಾಗೆ ಮಾಡಿದ್ದಾರೆ. ಡಬ್ಬದ ಮೇಲೆ ಒಂದು ಸಾಲು ಬರೆದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಬರೆದಿರೋದು 'ಸಂಪೂರ್ಣ' ಅಂತ.

ಹಳೆ ಟೇಪ್ ಹುಡುಕಿ ತೆಗೆದಿದ್ದೇನೆ. ಪ್ಲೇಯರ್ ಕೆಟ್ಟಿದೆ. ಯಾರ ಹತ್ತಿರವಾದರೂ ಓಡುವ ವಿಸಿಆರ್ ಇದ್ದರೆ ಹೇಳಿ, ಟೇಪ್ ಹಿಡಿದು ಬರುತ್ತೇನೆ.